ಪಡಸಾಲಿ ತನಕದ ನಡಿಗಿ

ನಮ್ಮ ದೊಡ್ಡಪ್ಪನ ಮಗಳಿಗೆ ಎರಡೂ ಕಾಲು ಹೋಗಿದ್ವು, ನನಗ ಒಂದು. ಇದನ್ನ ಕೇಳಿದವ್ರೆಲ್ಲ ‘ನೀನು ಪುಣ್ಯಾ ಮಾಡಿದ್ದಿ ಬಿಡವ್ವಾ’ ಅಂತಾರ. ಪುಣ್ಯಾನೂ ಇಲ್ಲ, ಮಣ್ಣೂ ಇಲ್ಲ! ಆಕಿ ಮ್ಯಾಲ ನಾನು ಪಟ್ಟಷ್ಟು ಹೊಟ್ಟಿಕಿಚ್ಚು ಈ ಜನ್ಮದಾಗ ಮತ್ತ ಯಾರ ಮ್ಯಾಲೂ ಪಟ್ಟಿಲ್ಲ. ಪಟ್ಟೆ ಅಂತ ಹೇಳಾಕ ನನಗೇನು ನಾಚಿಕಿಲ್ಲ. ನನ್ನ ಜಾಗಾದಾಗ ನೀವಿದ್ರ ನೀವೂ ಪಡತಿದ್ರಿ.

ನಮ್ಮೂರು ಬೇವೂರಿಂದ ಮೂರು ಮೈಲು ಒಳಗ. ಅಪ್ಪ, ದೊಡ್ಡಪ್ಪ ಒಂದೇ ಮನಿಯ ನಡುವ ಗೋಡಿ ಎಬ್ಬಿಸಿ ಬ್ಯಾರೆ ಆಗಿದ್ರು. ಗೋಡಿ ಎದ್ದಿದ್ದು ಒಳಗ, ಅಂಗಳ ಮಾತ್ರ ಹಂಗೇ ಒಂದೇ ಉಳದಿತ್ತು. ಆ ಅಂಗಳದಾಗ ಆಡಿಕೋತಿದ್ದ ನಮ್ಮಿಬ್ಬರಿಗೂ ಒಂದೇ ವಾರದಾಗ ಜ್ವರ ಬಂದ್ವಂತ. ಇನ್ನೂ ಮಾತು ಸರಿಯಾಗಿ ಬರದ ಕೂಸುಗಳು. ಪೋಲಿಯೋ ಅಂಬೋ ಹೆಸರು ಆಗ ಊರಾಗ ಯಾರಿಗೂ ಗೊತ್ತಿದ್ದಿಲ್ಲ, ‘ಕಾಲು ಹೋತು’ ಅಂತಿದ್ರು ಅಷ್ಟ. ಜ್ವರ ಇಳದ ಮ್ಯಾಲ ನೋಡಿದ್ರ ನನ್ನ ಎಡಗಾಲು ಮೊಣಕಾಲಿನ ಕೆಳಗ ಸೋತಿತ್ತು. ಆಕಿದು ಸೊಂಟದ ಕೆಳಗ ಎಲ್ಲಾ ಸೋತಿತ್ತು. ನಾನು ಗೋಡಿ ಹಿಡದು ಎದ್ದು ನಿಂತೆ. ಆಕಿ ಅಂಗೈ ಊರಿ ತೆವಳಾಕ ಸುರು ಮಾಡಿದ್ಲು. ಸ್ವಲ್ಪ ದೊಡ್ಡಾಕಿ ಆದ ಮ್ಯಾಲ ದೊಡ್ಡಪ್ಪನ ಹಳೇ ರಬ್ಬರ್ ಚಪ್ಪಲಿ ಎರಡೂ ಕೈಗೆ ಹಾಕ್ಕೊಂಡು, ಟಪ್ ಟಪ್ ಅನಿಸಿಕೋತ ಅಂಗಳ ದಾಟಿ, ಓಣಿ ದಾಟಿ, ಸಾಲಿಗೂ ಬರತಿದ್ಲು.

ಆಕಿ ಅವ್ವ, ಅಂದ್ರ ನಮ್ಮ ದೊಡ್ಡವ್ವ, ಆಕಿಗೆ ಏನೂ ಕಲಸಾಕ ಹೋಗಲಿಲ್ಲ. ಕಲಸೂದಾದ್ರೂ ಏನು? ನಮ್ಮವ್ವ ಮಾತ್ರ ನನ್ನ ಕೈ ಬಿಡಲಿಲ್ಲ.

ನಮ್ಮ ಕಡೆ ಕನ್ಯಾ ನೋಡಾಕ ಬಂದವ್ರು ಪಡಸಾಲ್ಯಾಗ ಕಂಬಳಿ ಮ್ಯಾಲ ಕುಂತಿರ್ತಾರ. ಹುಡುಗಿ ಅಡಗಿ ಮನಿಯಿಂದ ಚಹಾದ ತಾಟು ಹಿಡಕೊಂಡು ಬರಬೇಕು, ಹಿರೇರ ಮುಂದ ಇಡಬೇಕು, ಕಾಲಿಗೆ ಬೀಳಬೇಕು, ಮತ್ತ ಹಂಗೇ ತಿರುಗಿ ಹೋಗಬೇಕು. ಬಂದವ್ರು ಮಾರಿ ನೋಡೂದು ಕಡಿಮಿ, ಹುಡುಗಿ ಹೆಂಗ ಬಂದ್ಲು, ಹೆಂಗ ಹೋದ್ಲು ಅಂತ ನೋಡೂದು ಜಾಸ್ತಿ. ನಮ್ಮವ್ವಗ ಅದೊಂದೇ ಚಿಂತಿ. ನಾನಿನ್ನೂ ಒಂದನೇತ್ತೆ ಇದ್ದಾಗಿಂದ, ಹೊತ್ತು ಮುಣಗೂ ಮುಂದ ಒಂದು ಚರಿಗಿ ತುಂಬ ನೀರು ತಾಟಿನ್ಯಾಗ ಇಟ್ಟು ನನ್ನ ಕೈಗೆ ಕೊಡ್ತಿದ್ಲು. ತಾನು ಪಡಸಾಲ್ಯಾಗ ಬೀಗತ್ಯಾರ ಗತೆ ಕಾಲು ಮಡಚಿಕೊಂಡು ಕುಂದ್ರತಿದ್ಲು. ‘ಬಾ. ಹನಿ ತುಳುಕಬಾರದು. ಬಲಗಾಲು ಒಂದೀಟು ಬಗ್ಗಿಸು. ಲಂಗದಾಗ ಯಾರಿಗೆ ಕಾಣತೈತಿ? ಎಡಗಾಲಿನ ಬೆರಳು ಊರು, ಹಿಮ್ಮಡ ಎತ್ತು. ಸೊಂಟ ಬಿಗಿ ಹಿಡಿ. ಮಾರಿ ನಗಸು, ಮಾರಿ ನಗಸು!’ ಮಾರಿ ನಗಸಾಕ ನನಗೇನು ನಗಿ ಬರತಿತ್ತಾ? ನೀರು ತುಳುಕಿದ್ರ ಬೆನ್ನಿಗೆ ಒಂದು ಬೀಳತಿತ್ತು.

ಕಲತೆ. ಹೆಂಗ ಕಲತೆ ಅಂದ್ರ, ಮನಿಗೆ ಹೊಸದಾಗಿ ಬಂದವ್ರಿಗೆ ನನ್ನ ಕಾಲಿನ ಸುದ್ದಿ ಗೊತ್ತೇ ಆಗ್ತಿದ್ದಿಲ್ಲ. ಆದ್ರ ಆ ನಡಿಗಿ ಬರತಿದ್ದದ್ದು ಅಡಗಿ ಮನಿಯಿಂದ ಪಡಸಾಲಿ ತನಕ, ಪಡಸಾಲಿಯಿಂದ ಅಡಗಿ ಮನಿ ತನಕ. ಅದಕ್ಕಿಂತ ಮುಂದ ಹೋದ್ರ ಸೊಂಟದಾಗ ದಬ್ಬಣ ಚುಚ್ಚಿದಂಗ ಆಗಿ, ಕಾಲು ಎಳಕೋತ, ಗೋಡಿ ಕಂಡಲ್ಲಿ ಗೋಡಿ ಹಿಡಕೋತ ಹೋಗಬೇಕು. ಸಾಲಿ ಓಣಿ ದಾಟಿದ್ರ ಸಿಗತಿತ್ತು, ಅದಕ್ಕ ಏಳನೇತ್ತೆ ತನಕ ಬಚಾವಾದೆ.

ಏಳನೇತ್ತೆ ಇಬ್ಬರೂ ಪಾಸಾದ್ವಿ. ಆಕಿಗಿಂತ ನನಗ ನಂಬರ್ ಹೆಚ್ಚು ಬಂದಿದ್ವು, ಇದನ್ನ ನಾನು ಇವತ್ತಿಗೂ ಮರೆತಿಲ್ಲ, ಯಾರಿಗೂ ಮರೆಯಾಕ ಬಿಟ್ಟೂ ಇಲ್ಲ. ನನಗ ಅಕ್ಕೋರು ಆಗಬೇಕಂತಿತ್ತು. ಕುರ್ಚಿ ಮ್ಯಾಲ ಕುಂತು ಪಾಠ ಹೇಳೂ ಅಕ್ಕೋರು! ಆದ್ರ ಹೈಸ್ಕೂಲು ಇದ್ದದ್ದು ಬೇವೂರಾಗ. ಮೂರು ಮೈಲು ಎರಿ ಮಣ್ಣಿನ ದಾರಿ. ಅಪ್ಪನ್ನ ಕೇಳಿದ್ರ, ‘ದಿನಾ ಬಂಡಿ ಹೂಡಿ ನಿನ್ನ ಸಾಲಿಗೆ ಬಿಟ್ಟು ಬರಾಕ ಎತ್ತು ನಿಮ್ಮಪ್ಪನವಾ?’ ಅಂದ. ಹೌದು, ನಮ್ಮಪ್ಪನವೇ ಆಗಿದ್ವು. ಆದ್ರ ಹಂಗ ಅನ್ನೂ ಧೈರ್ಯ ಯಾರಿಗೆ ಇತ್ತು?

ಅಷ್ಟ್ರಾಗ ಗ್ರಾಮಸೇವಕ ಬಂದು ಕಟ್ಟಿ ಮ್ಯಾಲ ಕುಂತು ಸುದ್ದಿ ಹೇಳಿದ. ಆಗ ಕೊಪ್ಪಳ ಇನ್ನೂ ಜಿಲ್ಲಾ ಆಗಿದ್ದಿಲ್ಲ, ಏನು ಬೇಕಂದ್ರೂ ರಾಯಚೂರಿಗೆ ಹೋಗಬೇಕಿತ್ತು. ಅಂಥಾದ್ರಾಗ ಡಾಕ್ಟರೇ ಯಲಬುರ್ಗಾಕ್ಕ ಬಂದು ಕ್ಯಾಂಪ್ ಮಾಡ್ತಾರಂತ. ‘ಕಾಲು ಇಲ್ಲದವ್ರಿಗೆ ಮೂರು ಗಾಲಿ ಸೈಕಲ್ಲು, ಕಬ್ಬಿಣದ ಬೂಟು, ತಿಂಗಳಾ ಮಾಸಾಶನ. ಎಲ್ಲಾ ಸರ್ಕಾರದ್ದೇ, ನಿಮ್ಮದೊಂದು ಪೈ ಇಲ್ಲ. ಆದ್ರ ಸುಮ್ಮನ ಕೊಡಂಗಿಲ್ಲ. ಡಾಕ್ಟರು ಒಬ್ಬೊಬ್ಬರನ್ನ ನೋಡಿ ನಂಬರ್ ಹಾಕ್ತಾರ. ನಂಬರ್ ಹೆಚ್ಚು ಬಂದವ್ರಿಗೆ ಸೈಕಲ್ಲು’ ಅಂದ. ಯಾತರ ನಂಬರ್ ಅಂತ ಅವ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸೋತ ಕಾಲು ಎಷ್ಟು ಸೋತೈತಿ ಅಂತ ನಂಬರ್ ಹಾಕ್ತಾರ ಅಂತ ನಮಗೇನು ಕನಸು ಬಿದ್ದಿತ್ತಾ? ನಮ್ಮವ್ವ ಅಲ್ಲಿ ತನಕ ನೋಡಿದ್ದ ಸಾಹೇಬ್ರಂದ್ರ ಸಾಲಿ ಇನ್ಸ್‌ಪೆಕ್ಟರು ಒಬ್ಬರೇ. ಅವ್ರು ಬಂದಾಗ ಛಲೋ ಓದಿದ ಹುಡುಗರನ್ನ ಮುಂದ ನಿಲ್ಲಸ್ತಿದ್ರು, ಮೊದ್ದ ಹುಡುಗರನ್ನ ಹಿಂದ ಬಚ್ಚಿಡ್ತಿದ್ರು. ಸರ್ಕಾರ ಅಂದ್ರ ಹಂಗೇ ಅಂತ ಆಕಿ ತಿಳಕೊಂಡಿದ್ಲು.

ಕ್ಯಾಂಪಿನ ದಿನ ನನಗ ಎಣ್ಣಿ ಹಚ್ಚಿ ಹೆರಳು ಹಾಕಿದ್ಲು, ಕೆಂಪು ರಿಬ್ಬನ್ ಕಟ್ಟಿದ್ಲು. ಕನಕಗಿರಿಯ ಸೋದರಮಾವ ಕೊಡಿಸಿದ್ದ ಹೊಸಾ ಲಂಗ ಟ್ರಂಕಿನಿಂದ ಹೊರಗ ಬಂತು, ನೆಲ ಮುಟ್ಟೂವಂಥಾದ್ದು. ಬಾಜೂಮನಿ ದೊಡ್ಡವ್ವ ತನ್ನ ಮಗಳಿಗೆ ತಲಿ ಸೈತ ಬಾಚಿದ್ದಿಲ್ಲ. ಹಾಸಿಗ್ಯಾಗಿಂದ ಎತ್ತಿಕೊಂಡು ಬಂದಂಗ ಬಂದಿದ್ಲು. ಬಂಡ್ಯಾಗ ಕುಂತು ನಮ್ಮವ್ವ ಆಕಿನ್ನ ನೋಡಿ, ‘ಹಿಂಗ ಕರಕೊಂಡು ಹೊಂಟಿಯಲ್ಲಕ್ಕಾ, ಸಾಹೇಬ್ರ ಮುಂದ!’ ಅಂದ್ಲು. ನನಗೂ ಒಳಗೊಳಗ ಖುಷಿ ಆಗಿತ್ತು. ಸೈಕಲ್ಲು ನಂದೇ ಅಂತ ಅವತ್ತು ಸಂಜಿ ತನಕ ನನಗ ಗ್ಯಾರಂಟಿ ಇತ್ತು.

ಒಂದು ಸಾಲಿ ಬಯಲಾಗ ಪೆಂಡಾಲು ಹಾಕಿದ್ರು. ಹಳ್ಳಿ ಹಳ್ಳಿಯಿಂದ ಮಂದಿ ಬಂದಿತ್ತು. ನಮ್ಮವ್ವ ಸುತ್ತ ನೋಡಿ ನನ್ನ ಕಿವ್ಯಾಗ, ‘ನಮ್ಮ ಮಂದಿ ಭಾಳ ಬಂದಾರ. ನಾಳೆ ಕನ್ಯಾ ಕೇಳಾಕ ಬರಾವ್ರೂ ಇಲ್ಲೇ ನಿಂತಿರಬಹುದು. ಪಡಸಾಲಿ ನಡಿಗಿ ನಡೀ, ನನ್ನ ಮಾನ ಉಳಸು’ ಅಂದ್ಲು.

ಮೊದಲು ಆಕಿ ಸರತಿ. ಚಪ್ಪಲಿ ಹಾಕಿದ ಕೈ ಊರಿಕೋತ ಟಪ್ ಟಪ್ ಅಂತ ಹೋದ್ಲು. ಡಾಕ್ಟರು ಕುರ್ಚಿ ಬಿಟ್ಟು ಎದ್ದು ಬಂದು, ಆಕಿನ್ನ ಎತ್ತಿ ಬೆಂಚಿನ ಮ್ಯಾಲ ಕುಂದ್ರಿಸಿದ್ರು. ಎತ್ತಿ ಕುಂದ್ರಿಸಿದ್ರು ರೀ! ಡಾಕ್ಟರು! ಕೈಯಿಂದ ಚಪ್ಪಲಿ ಬಿಚ್ಚಿ ಧೂಳು ಝಾಡಿಸಿಕೊಂಡು ಆಕಿ ಆರಾಮ ಕುಂತ್ಲು, ತನ್ನ ಮನಿ ಕಟ್ಟಿ ಮ್ಯಾಲ ಕುಂತಂಗ.

ಆಮ್ಯಾಲ ನಾನು. ‘ನಡೀ ನೋಡೂಣು’ ಅಂದ್ರು. ಅವ್ವನ ಕಡೆ ನೋಡಿದೆ. ಆಕಿ ಗದ್ದ ಎತ್ತಿ ‘ಮಾರಿ ನಗಸು’ ಅಂತ ಸನ್ನಿ ಮಾಡಿದ್ಲು. ಕೈಯಾಗ ತಾಟು ಇಲ್ಲ ಅನ್ನೂದೊಂದು ಬಿಟ್ರ, ಅವತ್ತು ನಡದಂಗ ನಾನು ಮನ್ಯಾಗೂ ನಡದಿದ್ದಿಲ್ಲ. ಪೆಂಡಾಲಿನ ಈ ತುದಿಯಿಂದ ಆ ತುದಿ. ಅಲ್ಲಿ ಹೋಗಿ ಕೈ ಸೈತ ಮುಗದೆ. ಡಾಕ್ಟರು ನಕ್ಕು, ‘ಭೇಷ್! ಎಷ್ಟು ಛಲೋ ನಡೀತಾಳಲ್ಲ ನಿಮ್ಮ ಮಗಳು. ಕರಕೊಂಡು ಹೋಗ್ರಿ’ ಅಂದ್ರು. ನಮ್ಮವ್ವನ ಮಾರಿ ನೋಡಬೇಕಿತ್ತು. ಇಷ್ಟು ವರ್ಷದ ಕಷ್ಟಕ್ಕ ಒಬ್ಬ ದೊಡ್ಡ ಮನುಷ್ಯ ಭೇಷ್ ಅಂದಿದ್ದ. ಸೆರಗಿಲೆ ಕಣ್ಣು ಒರಸಿಕೊಂಡು ಅವ್ರಿಗೆ ಕೈ ಮುಗದ್ಲು.

ಹೊತ್ತು ಇಳಿಯೂ ಮುಂದ ಹೆಸರು ಕೂಗಿದ್ರು. ಆಕಿ ಹೆಸರು ಬಂತು. ಇನ್ನೂ ಎಷ್ಟೋ ಮಂದಿ ಹೆಸರು ಬಂದ್ವು. ಕೂಗೂದು ಮುಗದು ಕುರ್ಚಿ ಮಡಚಾಕತ್ತಿದ್ರು. ನಮ್ಮವ್ವ ಹೆಸರು ಕೂಗಿದವನ ಹತ್ರ ಹೋಗಿ ‘ನಮ್ಮ ಹುಡುಗಿ ಹೆಸರು ಇನ್ನೂ ಬರಲಿಲ್ಲಲ್ರಿ?’ ಅಂದ್ಲು.

‘ನಿನ್ನ ಮಗಳು ಛಲೋ ನಡೀತಾಳಲ್ಲಬೇ.’

‘ಹೂಂ ರೀ, ಭಾಳ ಛಲೋ ನಡೀತಾಳ. ಅದಕ್ಕ ಕೇಳಾಕತ್ತೀನಿ.’

ಅವನಿಗೆ ನಗಿ ತಡಕೊಳ್ಳಾಕ ಆಗಲಿಲ್ಲ. ಆಮ್ಯಾಲ ನಗೂದು ಬಿಟ್ಟು, ಪಾಪ, ಸಾವಕಾಶ ತಿಳಿಸಿ ಹೇಳಿದ: ಛಲೋ ನಡೆಯಾವ್ರಿಗೆ ಸರ್ಕಾರ ಯಾಕ ಗಾಡಿ ಕೊಡತೈತಿ? ನಮ್ಮವ್ವ ಕೇಳಿಕೋತ ನಿಂತ್ಲು. ನನ್ನ ಹೆರಳಿನ ರಿಬ್ಬನ್ ಬಿಚ್ಚಿ ಸುತ್ತಿ ತನ್ನ ಸೊಂಟಕ್ಕ ಸಿಗಿಸಿಕೊಂಡ್ಲು.

ಸೈಕಲ್ಲು ಬಂತು. ಬಸ್ಸಿನ ತಲಿ ಮ್ಯಾಲ ಹಗ್ಗ ಕಟ್ಟಿಸಿಕೊಂಡು, ಮದುವಿಗೆ ಬಂದ ಬೀಗರಂಗ ಬೇವೂರಾಗ ಇಳೀತು. ಹಸರು ಬಣ್ಣ, ಕರಿ ಸೀಟು, ಕೈಲೆ ತಿರುವೂ ಪೆಡಲ್ಲು, ಒಂದು ಗಂಟಿ. ಇಡೀ ಊರು ಅಂಗಳದಾಗ ನೆರೀತು. ಅದು ನನ್ನ ಅಂಗಳಾನೂ ಹೌದಲ್ರಿ? ನನ್ನ ಅಂಗಳದಾಗ ಆಕಿ ಸೈಕಲ್ಲು! ಆಕಿ ಸೀಟಿನ ಮ್ಯಾಲ ಕುಂತು ‘ಬಾರೇ, ನೀನೂ ಒಂದು ಸುತ್ತು ಕುಂದ್ರು’ ಅಂದ್ಲು. ‘ನನಗೇನು ಕಾಲಿಲ್ಲೇನು?’ ಅಂದೆ. ಅಂದು ಒಳಗ ಬಂದು ಜ್ವಾಳದ ಚೀಲದ ಹಿಂದ ಕುಂತು ಅತ್ತೆ.

ಜೂನಿನಾಗ ಆಕಿ ಹೈಸ್ಕೂಲಿಗೆ ಹೊಂಟ್ಲು. ಮುಂಜಾನೆ ಟ್ರಿಣ್ ಟ್ರಿಣ್ ಅಂತ ಗಂಟಿ ಬಾರಿಸಿಕೋತ ಹೋಗ್ತಿದ್ಲು, ಸಂಜೀಕ ಟ್ರಿಣ್ ಟ್ರಿಣ್ ಅಂತ ಬರತಿದ್ಲು. ಒಂದು ದಿನಾನೂ ಬಾರಿಸದ ಹೋಗಿಲ್ಲ, ಹಾಳಾದಾಕಿ. ತೆವಳಿ ತೆವಳಿ ಮೊದಲೇ ಗಟ್ಟಿಯಾಗಿದ್ದ ಕೈ, ಪೆಡಲ್ಲು ತಿರುವಿ ತಿರುವಿ ಗಂಡುಮಕ್ಕಳ ಕೈ ಆದಂಗ ಆದ್ವು. ತಿಂಗಳಿಗೊಮ್ಮೆ ಪೋಸ್ಟಮನ್ ಅಂಗಳದಾಗ ನಿಂತು ಆಕಿ ಹೆಸರು ಹಿಡದು ಕೂಗತಿದ್ದ, ಮಾಸಾಶನ ಬಂದೈತಿ ಅಂತ. ನಮ್ಮೂರಾಗ ಹೆಣ್ಣುಮಗಳ ಹೆಸರು ಹಿಡದು ಪೋಸ್ಟಮನ್ ಕೂಗಿದ್ದು ಅದೇ ಮೊದಲು. ನನಗ ಆ ರೊಕ್ಕದ ಮ್ಯಾಲ ಆಸೆ ಇದ್ದಿಲ್ಲ, ದೇವರಾಣೆ. ನನ್ನ ಹೆಸರನ್ನೂ ಹಂಗ ಅಂಗಳದ ನಡುವ ನಿಂತು ಯಾರಾದ್ರೂ ಕೂಗಬೇಕು, ನಾನೂ ‘ಬಂದೆ’ ಅಂತ ಒದರಬೇಕು ಅಂತಿತ್ತು.

ಒಮ್ಮೆ ಸೈಕಲ್ಲಿಗೆ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆತು. ದೊಡ್ಡವ್ವ ನನ್ನ ಮಾರಿ ನೋಡಿದ್ಲು. ನಾನು ಇಟ್ಟಿದ್ದಿಲ್ಲ. ಇಡಬೇಕಂತ ಮಾಡಿದ್ದೆ, ಮುಳ್ಳೂ ಆರಿಸಿ ಇಟ್ಟಿದ್ದೆ, ಅಷ್ಟ್ರಾಗ ಅದೇ ಚುಚ್ಚಿಕೊಂತು. ಅದನ್ನ ಯಾರ ಮುಂದ ಹೇಳಿಕೊಳ್ಳೂದು?

ಸಂಜೀಕ ಆಕಿ ಕಟ್ಟಿ ಮ್ಯಾಲ ಕುಂತು ಇಂಗ್ಲಿಷ್ ಪಾಠ ಒದರತಿದ್ಲು. ಗೋಡಿ ಈ ಕಡೆ ನಾನು ರೊಟ್ಟಿ ಬಡೀತಿದ್ದೆ. ಆಕಿ ತಪ್ಪು ಓದಿದ್ದು ನನಗ ಗೊತ್ತಾಗತಿತ್ತು. ಓದಬೇಕಾದಾಕಿ ಇಲ್ಲಿ ಹಿಟ್ಟಿನ್ಯಾಗ ಕೈ ಇಟ್ಟುಕೊಂಡು ಕುಂತಾಳ, ಓದಾಕ ಬರದಾಕಿ ಅಲ್ಲಿ ಓದಾಕತ್ತಾಳ. ಯಾಕ? ಆಕಿಗೆ ಎರಡು ಹೋಗ್ಯಾವ, ನನಗ ಒಂದೇ ಹೋಗೈತಿ, ಅದಕ್ಕ. ಒಂದು ಶನಿವಾರ ಹನುಮಪ್ಪನ ಗುಡಿಯಾಗ ಕೈ ಮುಗದು, ‘ಯಪ್ಪಾ, ಇನ್ನೊಂದನ್ನೂ ತಗೊಂಬಿಡು. ಪೂರಾ ತಗೋ, ಸೈಕಲ್ಲು ಕೊಡು’ ಅಂತ ಬೇಡಿಕೊಂಡೆ. ಬಾಯಿ ಬಿಟ್ಟು ಬೇಡಿಕೊಂಡಿದ್ದೆ. ಹಿಂದ ಅವ್ವ ಎಣ್ಣಿ ಬಟ್ಟಲು ಹಿಡಕೊಂಡು ನಿಂತಿದ್ದು ನನಗ ಗೊತ್ತಿದ್ದಿಲ್ಲ. ಕಪಾಳಕ್ಕ ಬಿತ್ತು. ಹೊಡದು ಆಕಿ ಗುಡಿ ಮೆಟ್ಟಲ ಮ್ಯಾಲ ಕುಂತುಬಿಟ್ಲು, ಎಣ್ಣಿ ಚಲ್ಲಿದ್ದೂ ನೋಡಲಿಲ್ಲ.

ಆ ವರ್ಷ ಸುಗ್ಗಿ ಮುಗದ ಮ್ಯಾಲ ಗಂಗಾವತಿ ಕಡೆಯಿಂದ ನನ್ನ ನೋಡಾಕ ಬಂದ್ರು. ನನಗಿನ್ನೂ ಹದಿನಾಲ್ಕೋ ಏನೋ, ಆಗ ಅದು ಸಣ್ಣ ವಯಸ್ಸೇನಲ್ಲ. ಕಾಲವಿ ನೀರಿನ ಮಂದಿ, ಭತ್ತ ಬೆಳೆಯಾವ್ರು, ಮಾತಿನ್ಯಾಗ ತೆಲುಗು ಬೆರಸಿ ಮಾತಾಡತಿದ್ರು. ನಾನು ಚಹಾದ ತಾಟು ಹಿಡಕೊಂಡು ಬಂದೆ. ಹನಿ ತುಳುಕಲಿಲ್ಲ. ಇಟ್ಟೆ, ಕಾಲಿಗೆ ಬಿದ್ದೆ, ತಿರುಗಿ ಹೋದೆ. ಅಡಗಿ ಮನಿ ಬಾಗಲದಾಗ ಅವ್ವ ನನ್ನ ತೋಳು ಹಿಡದು ಗಟ್ಟಿಯಾಗಿ ಅಮುಕಿದ್ಲು. ಗೆದ್ದಿದ್ವಿ.

ಆಗ ಹುಡುಗನ ಅವ್ವ ಹೊರಗಿಂದ, ‘ಅಮ್ಮಾಯಿ ಕೈಲೆ ಒಂದು ಕೊಡ ನೀರು ತರಸ್ರಿ, ಕಾಲು ತೊಳಕೋತೀವಿ’ ಅಂದ್ಲು.

‘ನಾ ತರ್ತೀನಿ ತಡೀರಿ’ ಅಂತ ಅವ್ವ ಓಡಿದ್ಲು.

‘ನೀವ್ಯಾಕ್ರಿ? ಅಮ್ಮಾಯಿನೇ ತರಲಿ.’

ಬಾವಿ ಇದ್ದದ್ದು ಅಂಗಳದ ಆ ಕೊನಿಗೆ. ನಾನು ಪಡಸಾಲಿ ದಾಟಿದೆ, ಮೆಟ್ಟಲ ಇಳದೆ, ತುಳಸಿ ಕಟ್ಟಿ ತನಕ ಅವ್ವನ ನಡಿಗಿ ನಡದೆ. ಅಲ್ಲಿ ಸೊಂಟ ಕೈ ಕೊಟ್ಟಿತು. ಕೊಡ ಒಂದು ಕಡೆ, ನಾನು ಒಂದು ಕಡೆ. ಅದೇ ಹೊತ್ತಿಗೆ ಟ್ರಿಣ್ ಟ್ರಿಣ್! ಹೈಸ್ಕೂಲಿನಿಂದ ಆಕಿ ಬಂದ್ಲು, ಹೆಗಲಿಗೆ ಚೀಲ, ಬೆವತ ಮಾರಿ. ಬೀಗರಾಗಬೇಕಾದವ್ರು ನನ್ನ ಒಮ್ಮೆ ನೋಡಿದ್ರು, ಸಾಕಾತು. ಆಮ್ಯಾಲ ಎಲ್ಲಾರೂ ಸೈಕಲ್ಲಿನ ಸುತ್ತ ನಿಂತ್ರು. ಹುಡುಗನ ಅಪ್ಪ ಪೆಡಲ್ಲು ತಿರುವಿ ನೋಡಿ, ‘ಸರ್ಕಾರದ್ದೇನು? ಭಾರೀ ಐತಲ್ಲ’ ಅಂದ. ಎದ್ದು ಹೋಗೂ ಮುಂದ ‘ತಿಳಸ್ತೀವ್ರಿ’ ಅಂದ್ರು. ಇನ್ನೂ ತಿಳಿಸಿಲ್ಲ.

ಡಾಕ್ಟರ ಮುಂದ ನಾನು ನಡಿಯಾಕಿ, ಬೀಗರ ಮುಂದ ಕುಂಟಿ. ಇದ್ಯಾವ ನ್ಯಾಯ? ಅವತ್ತಿನಿಂದ ಅವ್ವ ಹೊತ್ತು ಮುಣಗೂ ಮುಂದ ಚರಿಗಿ ತುಂಬಿ ಕೊಡೂದು ಬಿಟ್ಲು.

ಮುಂದ ರೇಡಿಯೋದಾಗ ‘ಈ ವರ್ಷ ಅಂಗವಿಕಲರ ವರ್ಷ’ ಅಂತ ಹೇಳಾಕ ಹತ್ತಿದ್ರು. ಕೊಪ್ಪಳದಾಗ ಮತ್ತೊಂದು ಕ್ಯಾಂಪ್ ಅಂತ ಸುದ್ದಿ ಬಂತು. ದೊಡ್ಡವ್ವ ಮಗಳಿಗೆ ಕಬ್ಬಿಣದ ಬೂಟಿನ ಅಳತಿ ಕೊಡಿಸಾಕ ಹೊಂಟಿದ್ಲು. ‘ನಾನೂ ಬರ್ತೀನಿ’ ಅಂದೆ. ಅವ್ವ ಈ ಸಲ ಎಣ್ಣಿ ಹಚ್ಚಲಿಲ್ಲ, ರಿಬ್ಬನ್ ಕಟ್ಟಲಿಲ್ಲ. ನೆಲ ಮುಟ್ಟೂ ಲಂಗ ಮಾತ್ರ ಬಿಡಲಿಲ್ಲ. ಬಸ್ಸಿನ್ಯಾಗ ನಾನು ಮನಸಿನ್ಯಾಗೇ ಹೇಳಿಕೋತ ಹೋದೆ: ಈ ಸಲ ಇದ್ದಂಗ ನಡೀಬೇಕು, ಇದ್ದಂಗ ನಡೀಬೇಕು. ಈ ಸಲ ತಪ್ಪಿದ್ರ ರೊಟ್ಟಿ ಬಡಕೋತ ಆಯುಷ್ಯ ಹೋಗತೈತಿ ಅಂತ ನನಗ ಗೊತ್ತಿತ್ತು.

ಕೊಪ್ಪಳದ ಡಾಕ್ಟರು ಬ್ಯಾರೆ, ಮಾತು ಅದೇ: ‘ನಡೀ ನೋಡೂಣು.’

ನಡದೆ. ಏನಾತು ಅಂತೀರಿ? ಯಾರೋ ಕುಂತು ನೋಡಾಕತ್ತಾರ ಅಂದಕೂಡ್ಲೆ ಬಲಗಾಲು ತಾನೇ ಬಗ್ಗಿತು, ಸೊಂಟ ತಾನೇ ಬಿಗೀತು, ಮಾರಿ ತಾನೇ ನಕ್ಕಿತು. ಅರ್ಧಾ ದಾರಿ ಹೋಗಿದ್ದೆ, ಅಯ್ಯೋ ಶಿವನ ಅಂತ ನೆನಪಾತು. ಅಲ್ಲಿಂದ ಕುಂಟಾಕ ಸುರು ಮಾಡಿದೆ. ಆದ್ರ ಹೆಂಗ ಕುಂಟಬೇಕು? ನನ್ನ ಕುಂಟು ನನಗ ಬರಲೊಲ್ದು! ಹೆಚ್ಚಾತು, ನಾಟಕದ ಮುದಿಕಿ ಕುಂಟಿದಂಗ ಆತು. ಡಾಕ್ಟರ ಮಾರಿ ಬಿಗೀತು. ‘ಏನವ್ವಾ, ಈಗಿನ್ನಾ ಛಲೋ ನಡಕೋತ ಹೊಂಟಿದ್ದಿ, ನಡುವ ಏನಾತು? ಸರ್ಕಾರದ್ದು ಅಂದ್ರ ಎಲ್ಲಾರಿಗೂ ಕಾಲು ಹೋಗ್ತಾವ. ಮುಂದಿನವ್ರು ಬರ್ರಿ’ ಅಂದ್ರು. ಹಿಂದ ನಿಂತ ಮಂದಿ ನಕ್ಕಿತು.

ಆ ನಗಿ ನಾನು ಹೆಂಗೋ ತಾಳಿಕೋತಿದ್ದೆ. ಮಂದಿ ನಕ್ರ ಏನು, ನಗೂದೇ ಅವ್ರ ಕೆಲಸ. ಆದ್ರ ಬೆಂಚಿನ ಮ್ಯಾಲ ಕುಂತಿದ್ದ ಆಕಿ, ಎರಡೂ ಕಾಲು ಎಲ್ಲಾರಿಗೂ ಕಾಣೂವಂಗ ಚಾಚಿಕೊಂಡು ಬೂಟಿನ ಅಳತಿ ಕೊಡಾಕತ್ತಿದ್ದ ಆಕಿ, ನನ್ನ ಕಡೆ ನೋಡಿ ‘ಪಾಪ’ ಅಂದ್ಲು.

ಪಾಪ! ಆಕಿ! ನನಗ!

ಹೊಟ್ಟ್ಯಾಗಿನ ಕಿಚ್ಚೆಲ್ಲ ನೆತ್ತಿಗೇರಿತು. ಏನು ಮಾಡಾಕತ್ತೀನಿ ಅಂತ ಗೊತ್ತಾಗೂ ಮೊದಲು ಟೇಬಲ್ ಹತ್ರ ಹೋದೆ, ಲಂಗ ಮೊಣಕಾಲಿನ ಮ್ಯಾಲ ತನಕ ಎತ್ತಿದೆ, ಎಡಗಾಲು ಎರಡೂ ಕೈಲೆ ಹಿಡದು ಅವ್ರ ಕಾಗದದ ಮ್ಯಾಲ ಇಟ್ಟೆ. ‘ನೋಡ್ರಿ! ನಡಿಗಿ ಯಾಕ ನೋಡ್ತೀರಿ, ಕಾಲು ನೋಡ್ರಿ!’ ಅಂದೆ. ಆ ಕಾಲನ್ನ ಅವ್ವ, ನಾನು ಬಿಟ್ಟು ಬ್ಯಾರೆ ಯಾರೂ ನೋಡಿದ್ದಿಲ್ಲ. ಅಪ್ಪನೂ ನೋಡಿದ್ದಿಲ್ಲ. ತೊಗರಿ ಕಟಗಿಯಂಗ ಒಣಗಿದ ಕಾಲು, ಹಿಮ್ಮಡ ಮ್ಯಾಲ ಎಳಕೊಂಡು ಬೆರಳ ಮ್ಯಾಲ ನಿಂತ ಪಾದ. ಹಿಂದ ನಗಿ ನಿಂತಿತು. ಅವ್ವ ಓಡಿ ಬಂದು ನನ್ನ ಲಂಗ ಹಿಡದು ಕೆಳಗ ಜಗ್ಗಿದ್ಲು, ನಾನು ಮ್ಯಾಲ ಜಗ್ಗಿದೆ. ಎಲ್ಲಾರ ಮುಂದ ತಾಯಿ ಮಗಳು ಒಂದು ಲಂಗಕ್ಕ ಜಗ್ಗಾಡಿದ್ವಿ.

‘ಬಿಡಮ್ಮಾ’ ಅಂದ್ರು ಡಾಕ್ಟರು. ದನಿ ಬದಲಾಗಿತ್ತು. ಟೇಪ್ ತಗೊಂಡು ಈ ಕಾಲು ಅಳದ್ರು, ಆ ಕಾಲು ಅಳದ್ರು. ಪಾದ ತಿರುವಿ ನೋಡಿದ್ರು. ಆಮ್ಯಾಲ ನನ್ನ ಮಾರಿ ನೋಡಿ, ‘ಎಷ್ಟು ದೂರ ನಡೀತಿ ನೀನು?’ ಅಂತ ಕೇಳಿದ್ರು.

ಅಲ್ಲಿ ತನಕ ಈ ಪ್ರಶ್ನೆ ನನಗ ಯಾರೂ ಕೇಳಿದ್ದಿಲ್ಲ. ‘ಅಡಗಿ ಮನಿಯಿಂದ ಪಡಸಾಲಿ ತನಕ ರೀ’ ಅಂದೆ.

‘ಅದರಾಚೆ?’

ನಾನು ಬಾಯಿ ತೆಗಿಯೂ ಮುಂದ ಹಿಂದಿನಿಂದ ಅವ್ವನ ದನಿ ಬಂತು, ಸಣ್ಣದು, ತಪ್ಪು ಮಾಡಿ ಮಾಸ್ತರ ಮುಂದ ನಿಂತವ್ರ ದನಿ: ‘ಅದರಾಚೆ ನಡಿಯಾಕ ನಾನು ಕಲಸಿಲ್ರಿ.’

ಡಾಕ್ಟರು ಪೆನ್ನು ತೆರದು ಬರದ್ರು. ಭಾಳ ಹೊತ್ತು ಬರದ್ರು. ಸೈಕಲ್ಲು, ಬೂಟು, ಎರಡೂ ಬರದ್ರು. ನನ್ನ ಸೈಕಲ್ಲು ಬರಾಕ ಮತ್ತೊಂದು ಮಳಿಗಾಲ ಹೋತು. ನಾನು ಬೇವೂರಿಗೆ ಹೋಗಾಕ ಹತ್ತಿದಾಗ ಎಂಟನೇತ್ತೆ, ಆಕಿ ಆಗಲೇ ಹತ್ತನೇತ್ತೆ. ಮುಂದ ನಾನು ಅಕ್ಕೋರು ಆದೆ, ಕುರ್ಚಿ ಮ್ಯಾಲ ಕುಂತೆ, ಎಲ್ಲಾ ಆತು. ಆದ್ರೂ ಎರಿ ದಾರ್ಯಾಗ ನನ್ನ ಸೈಕಲ್ಲು ಆಕಿ ಸೈಕಲ್ಲಿನ ಮುಂದ ಹೋದದ್ದು ಒಂದು ದಿನಾನೂ ಇಲ್ಲ. ಆಕಿ ಕೈ ಅಂಥಾವು.

ಕೊಪ್ಪಳದಿಂದ ಬಂದ ಸಂಜೀಕ ಬೇವೂರಾಗ ಬಸ್ಸು ಇಳದ್ವಿ. ಅಪ್ಪನ ಬಂಡಿ ಆಲದ ಗಿಡದ ಹತ್ರ ನಿಂತಿತ್ತು, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ. ಆಕಿ ದೊಡ್ಡವ್ವನ ಚೀಲದಿಂದ ಹಳೇ ಚಪ್ಪಲಿ ತಗೊಂಡು ಕೈಗೆ ಹಾಕ್ಕೊಂಡ್ಲು. ಸಂತಿ ಮುಗಿಸಿಕೊಂಡು ಹೊಂಟ ಮಂದಿ ನಡುವ ಟಪ್ ಟಪ್ ಅಂತ ಹೊಂಟೇಬಿಟ್ಲು. ಯಾರು ನೋಡತಾರ, ಯಾರು ನೋಡಂಗಿಲ್ಲ, ಒಮ್ಮೆನೂ ತಲಿ ಎತ್ತಿ ನೋಡಲಿಲ್ಲ. ಮೈಯೆಲ್ಲ ಧೂಳು, ಯಾರೋ ದಾರಿ ಬಿಡಲಿಲ್ಲಂತ ಅವನಿಗೆ ಬೈದು ದಾರಿ ಮಾಡಿಕೊಂಡ್ಲು. ಅದು ಆಕಿ ನಡಿಗಿ. ಯಾರೂ ಆಕಿಗೆ ಕಲಸಿದ್ದಿಲ್ಲ. ನನ್ನ ಕುಪ್ಪಸದಾಗ ಡಾಕ್ಟರು ಬರದು ಕೊಟ್ಟ ಕಾಗದ ಇತ್ತು, ಆದ್ರೂ ಆಕಿನ್ನ ನೋಡಿ ಅವತ್ತು ಹೊಟ್ಟಿ ಉರದಂಗ ಸೈಕಲ್ಲಿಗೂ ಉರದಿದ್ದಿಲ್ಲ.

ಅವ್ವ ಯಾವಾಗಲೂ ನನಗಿಂತ ಮುಂದ ನಡೀತಿದ್ಲು, ನಾನು ಆಕಿ ಬೆನ್ನ ನೋಡಿಕೋತ ನಡಿಗಿ ಸರಿ ಮಾಡಿಕೋತ ಹೋಗಬೇಕು. ಅವತ್ತು ನಿಂತ್ಲು.

‘ಇನ್ನ ಹೆಂಗ ಬರತೈತೋ ಹಂಗ ನಡೀ’ ಅಂದ್ಲು.

ಹೆಂಗ ಬರತೈತಿ ಅಂತ ನನಗ ಗೊತ್ತಿದ್ದಿಲ್ಲ. ಮೊದಲು ಪಡಸಾಲಿ ನಡಿಗಿನೇ ಬಂತು. ಸ್ವಲ್ಪ ದೂರಕ್ಕ ಸೊಂಟ ಕೈ ಕೊಟ್ಟಿತು, ಕಾಲು ಎಳೀತು, ಹಿಡಿಯಾಕ ಗೋಡಿ ಇದ್ದಿಲ್ಲ. ಅವ್ವ ಬಾಜೂಕ ಬಂದು ತನ್ನ ಹೆಗಲು ಕೊಟ್ಲು. ಬಂಡಿ ತನಕ ಇಬ್ಬರೂ ಕುಂಟಿಕೋತ ಹೋದ್ವಿ.